ಚೌಕಿ ಮನೆಯನ್ನು ಬಿಚ್ಚಿ ಬೇರೆ ಕಡೆ ನಿಲ್ಲಿಸಿದ ಬಗೆ

ನೂರು ವರ್ಷ ದಾಟಿದ ಮರದ ಮನೆಯನ್ನು ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ನಿಲ್ಲಿಸುವುದೆಂದರೆ ಮರ ಸಾಗಿಸುವ ಕೆಲಸ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಸಾಗಿಸುವುದು ಹತ್ತು ದಿನದ ಮಾತು. ಯಾವ ತುಂಡು ಯಾವುದರ ಮೇಲೆ ಕೂತಿತ್ತು, ಅದರ ಯಾವ ಮುಖ ಯಾವ ದಿಕ್ಕಿಗಿತ್ತು, ಯಾರ ಭಾರವನ್ನು ಯಾರು ಹೊತ್ತಿದ್ದರು ಎಂಬುದನ್ನು ಮನೆ ನಿಂತಿರುವಾಗಲೇ ಬರೆದುಕೊಳ್ಳದಿದ್ದರೆ ಹೊಸ ಜಾಗಕ್ಕೆ ಬಂದು ಬೀಳುವುದು ಬರೀ ಸೌದೆ. ಉಡುಪಿ ಸೀಮೆಯ ಒಂದು ಚೌಕಿ ಮನೆಯನ್ನು (ನಡುವೆ ತೆರೆದ ಅಂಗಳವಿರುವ ಮನೆ) ಬಯಲು ವಸ್ತುಸಂಗ್ರಹಾಲಯದ ಅಂಗಳಕ್ಕೆ ತಂದು ನಿಲ್ಲಿಸಿದ ಕೆಲಸದ ಕ್ರಮವನ್ನು ಇಲ್ಲಿ ಬರೆದಿದ್ದೇವೆ. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ಬೇಕಾಗುವ ಅಳತೆ, ಪ್ರಮಾಣ ಮತ್ತು ತಪ್ಪುಗಳನ್ನೇ ಹೆಚ್ಚು ಹೇಳಿದ್ದೇವೆ.

ಇಡೀ ಮನೆಯನ್ನೇ ತಂದು ಬಯಲಿನಲ್ಲಿ ನಿಲ್ಲಿಸಿ ತೋರಿಸುವ ಪದ್ಧತಿಗೆ ಮಾದರಿಯಾದದ್ದು ಸ್ಟಾಕ್‌ಹೋಮಿನ ಸ್ಕಾನ್ಸೆನ್. ಆರ್ತುರ್ ಹಜೇಲಿಯಸ್ ಅದನ್ನು 1891ರಲ್ಲಿ ತೆರೆದರು. ಅಲ್ಲಿನ ಹಳ್ಳಿಮನೆಗಳಲ್ಲಿ ಬಹುಪಾಲು ದಿಮ್ಮಿಯ ಮೇಲೆ ದಿಮ್ಮಿ ಕಚ್ಚಿ ಕೂರಿಸಿದವು. ಅಂಥ ಮನೆ ಸಂಖ್ಯೆ ಹಾಕಿ ಬಿಚ್ಚಿದರೆ ಪೂರ್ತಿ ಬಿಚ್ಚುತ್ತದೆ, ಜೋಡಿಸಿದರೆ ಪೂರ್ತಿ ಜೋಡಣೆಯಾಗುತ್ತದೆ. ನಮ್ಮ ಕರಾವಳಿ ಮನೆ ಹಾಗಲ್ಲ. ಕಂಬ, ತೊಲೆ, ಮಾಡು (ಸೂರಿನ ಚಾವಣಿ), ಮುಚ್ಚಿಗೆ (ಮಾಡಿನ ಕೆಳಗಿನ ಹಲಗೆಯ ಹೊದಿಕೆ) ಬರುತ್ತವೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಪೂರ್ತಿ ಬರುವುದಿಲ್ಲ. ಮಣ್ಣಿನ ಗೋಡೆ, ಗಾರೆ, ನೆಲ ಬರುವುದೇ ಇಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ ಮುಂತಾದವನ್ನು ನೋಡುವಾಗ ಇದನ್ನು ನೆನಪಿಟ್ಟುಕೊಂಡು ನೋಡಬೇಕು. ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯೂ ಚಿಕ್ಕಮಗಳೂರಿನ ಮನೆಯೂ ಇವೆ. ಇಂಥ ಯಾವ ಮನೆಯ ಮುಂದೆ ನಿಂತರೂ ಬಂದದ್ದು ಯಾವುದು, ಇಲ್ಲೇ ಮಾಡಿದ್ದು ಯಾವುದು ಎಂದು ಕೇಳಿಕೊಂಡರೆ ಮನೆ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ.

ನಿಂತ ಜಾಗದಲ್ಲೇ ಉಳಿಸಲು ಸಾಧ್ಯವಿರುವ ಮನೆಯನ್ನು ಮುಟ್ಟಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಈ ಮನೆಯಲ್ಲಿ ಆರು ವರ್ಷದಿಂದ ಯಾರೂ ಇರಲಿಲ್ಲ. ಪಡುವಣ ಮಾಡು ಕುಸಿದು ಎರಡು ಮಳೆಗಾಲ ನೀರು ಒಳಗೆ ಸುರಿದಿತ್ತು, ಜಾಗದಲ್ಲಿ ಹೊಸ ಕಟ್ಟಡ ಏಳುವುದು ನಿಶ್ಚಯವಾಗಿತ್ತು. ಮರವನ್ನು ಹಳೆ ಮರದ ವ್ಯಾಪಾರಕ್ಕೆ ಕೊಡುವ ಮಾತು ನಡೆದಿತ್ತು. ಬಿಚ್ಚಿ ತರಲು ಒಪ್ಪಿದ್ದು ಆ ಕಾರಣಕ್ಕೆ.

ಹೊರ ಅಳತೆ 45 ಅಡಿಗೆ 40 ಅಡಿ. ನಡುವೆ 12ಕ್ಕೆ 10 ಅಡಿಯ ಒಳ ಅಂಗಳ, ಸುತ್ತ ಜಗಲಿ, ಮೂಡಣಕ್ಕೆ ಚಾವಡಿ. 26 ಕಂಬ. ಕಂಬಗಳು ಹಲಸು, ತೊಲೆಗಳು ಹೆಚ್ಚಾಗಿ ಕಿರಾಲಬೋಗಿ, ಮುಚ್ಚಿಗೆಯ ಹಲಗೆ ಹಲಸು. ಹೊರಗೋಡೆ 18 ಇಂಚು ದಪ್ಪದ ಮುರಕಲ್ಲು, ಕೆಸರು ಮಣ್ಣಿನಲ್ಲಿ ಕಟ್ಟಿದ್ದು. ಒಳಗೋಡೆಗಳು ಮಣ್ಣು. ಮಾಡಿಗೆ ಮಂಗಳೂರು ಹಂಚು.

ಕಾಗದಪತ್ರದ ಕೆಲಸ ಮರದ ಕೆಲಸಕ್ಕಿಂತ ಹೆಚ್ಚು ದಿನ ಹಿಡಿಯಿತು. ಕುಟುಂಬದ ಮನೆಯೆಂದರೆ ಪಾಲುದಾರರು ಹಲವರು, ಅವರಲ್ಲಿ ಊರಲ್ಲಿರುವವರು ಕೆಲವರು. ಒಬ್ಬರ ಸಹಿ ಬಾಕಿ ಇದ್ದರೂ ಹಂಚು ಇಳಿಸಬೇಡಿ. ಪರವೂರಿನವರಿಂದ ಮುಕ್ತ್ಯಾರುನಾಮೆ ತರಿಸಿಕೊಳ್ಳಿ. ಕರಾರಿನಲ್ಲಿ ‘ಮನೆಯ ಮರಮಟ್ಟು’ ಎಂದಷ್ಟೇ ಬರೆದರೆ ಸಾಲದು. ಹೆಬ್ಬಾಗಿಲು, ತೂಗುಯ್ಯಾಲೆಯ ಸರಪಳಿ, ಪೆಟ್ಟಿಗೆ, ಒರಳು, ಕಂಬದ ಕೆಳಗಿನ ಕಲ್ಲು ಎಂದು ಒಂದೊಂದಾಗಿ ಪಟ್ಟಿ ಮಾಡಿ. ಇಲ್ಲದಿದ್ದರೆ ಲಾರಿ ಬಂದ ದಿನ ತಕರಾರು ಏಳುತ್ತದೆ. ಪಂಚಾಯತಿಯಿಂದ ಮನೆ ಕಳಚುವ ಬಗ್ಗೆ ಪತ್ರ, ಮನೆ ನಿಂತಿರುವಾಗಿನ ಫೋಟೋ, ಮರದ ಜಾತಿ, ಉದ್ದ ಮತ್ತು ಸುತ್ತಳತೆಯ ಪಟ್ಟಿ ಇವಿಷ್ಟನ್ನೂ ಹಿಡಿದುಕೊಂಡು ಅರಣ್ಯ ಇಲಾಖೆಯ ವಲಯ ಕಚೇರಿಗೆ ಮೊದಲೇ ಹೋಗಬೇಕು. ಹಳೆ ಮರವೆಂದು ನೀವು ಹೇಳಿದ ಮಾತ್ರಕ್ಕೆ ತನಿಖಾ ಠಾಣೆಯಲ್ಲಿ ಯಾರೂ ಬಿಡುವುದಿಲ್ಲ. ಬೀಟೆ, ಸಾಗುವಾನಿ ಇದ್ದರಂತೂ ಕಾಗದ ಇಲ್ಲದೆ ಹೊರಡಲೇಬೇಡಿ.

ದೈವದ ಕೋಣೆಯನ್ನೂ ನಾಗಬನವನ್ನೂ ಪಟ್ಟಿಗೆ ಸೇರಿಸಲಿಲ್ಲ. ದೈವದ ಮಂಚ, ಮೊಗ, ಕತ್ತಿ ಕುಟುಂಬದ ಬಳಿಯೇ ಉಳಿದವು. ಪ್ರಶ್ನೆಯಿಟ್ಟು ಕೇಳಿ, ಅದೇ ಜಾಗದ ಮೂಲೆಯಲ್ಲಿ ಅವರು ಸಣ್ಣ ಗುಡಿ ಕಟ್ಟಿಕೊಂಡರು. ಸಂಗ್ರಹಾಲಯದಲ್ಲಿ ಆ ಕೋಣೆಯನ್ನು ಅಳತೆ ಪ್ರಕಾರ ಕಟ್ಟಿ ಖಾಲಿ ಬಿಟ್ಟಿದ್ದೇವೆ. ಬಂದವರು ಅಲ್ಲಿ ಏನಿತ್ತು ಎಂದು ಕೇಳುತ್ತಾರೆ, ಹೇಳುತ್ತೇವೆ. ಬದಲಿಗೆ ಇನ್ನೊಂದು ಮಂಚ ತಂದಿಟ್ಟು ತೋರಿಸುವುದು ಸರಿಯಲ್ಲ.

ಅಳತೆಗೆ ಹಿಡಿದದ್ದು ಐದು ವಾರ. ಮಳೆ ನಿಂತ ಮೇಲೆ ಅಕ್ಟೋಬರ್ ಕೊನೆಯಿಂದ ಶುರು. ನೆಲನಕ್ಷೆ 1:20, ಮರಕ್ಕೆ ಮರ ಸೇರುವ ಮುಖ್ಯ ಕೂಡುಗಳ ಚಿತ್ರ 1:5. ಅಡಿ ಇಂಚಿನ ಟೇಪಿನಲ್ಲಿ ಅಳೆದಾಗ ಕಂಬದಿಂದ ಕಂಬಕ್ಕೆ ಬರುವ ಸಂಖ್ಯೆಗಳಿಗೆ ತಲೆಬುಡ ಕಾಣುವುದಿಲ್ಲ. ಈ ಮನೆಗಳು ಎದ್ದದ್ದು ಕೋಲಿನ ಅಳತೆಯಲ್ಲಿ. ಒಂದು ಕೋಲಿಗೆ 24 ಅಂಗುಲ, ಕೋಲಿನ ಉದ್ದ ಮಾತ್ರ ಸೀಮೆಯಿಂದ ಸೀಮೆಗೆ ಬೇರೆ. ಅಳತೆಗಳನ್ನೆಲ್ಲ ಮಿಲಿಮೀಟರಿನಲ್ಲಿ ಬರೆದು, ಎಲ್ಲಕ್ಕೂ ಹೊಂದುವ ಭಾಜಕ ಯಾವುದು ಎಂದು ಹುಡುಕಿದರೆ ಮನೆಯ ಕೋಲು ಸಿಗುತ್ತದೆ. ಅದು ಸಿಕ್ಕ ಮೇಲೆ ಎಲ್ಲ ಸಲೀಸು. ಗೆದ್ದಲು ತಿಂದು ತುದಿ ಹೋದ ತೊಲೆಯ ಮೂಲ ಉದ್ದ ಎಷ್ಟೆಂಬುದು ಕೂಡ ಲೆಕ್ಕಕ್ಕೆ ಸಿಗುತ್ತದೆ. ಸುತ್ತಳತೆಯನ್ನು ಆಯಕ್ಕೆ, ಅಂದರೆ ವಾಸ್ತುವಿನ ಶುಭ ಲೆಕ್ಕಕ್ಕೆ ಹೊಂದಿಸಿಯೇ ಮನೆ ಇಟ್ಟಿರುತ್ತಾರೆ. ಎಂಟು ಆಯಗಳಲ್ಲಿ ಧ್ವಜ, ಸಿಂಹ, ವೃಷಭ, ಗಜ ಇವಷ್ಟೇ ಮನೆಗೆ ಸಲ್ಲುವವು. ಆದ್ದರಿಂದ ಹೊಸ ಜಾಗದಲ್ಲಿ ಅನುಕೂಲಕ್ಕೆಂದು ಎರಡಿಂಚು ಹೆಚ್ಚು ಕಡಿಮೆ ಮಾಡಲು ಹೋದರೆ ಮರಗೆಲಸದ ಆಚಾರ್ರು ಒಪ್ಪುವುದಿಲ್ಲ. ಅವರು ಒಪ್ಪದಿರುವುದೇ ಸರಿ.

ಕರ್ಣದ ಅಳತೆಯನ್ನು ಮರೆಯಬಾರದು. ಹೊರಗೋಡೆಯ ಎರಡು ಕರ್ಣಗಳ ನಡುವೆ ಎರಡೂವರೆ ಇಂಚು ವ್ಯತ್ಯಾಸವಿತ್ತು, ಅಂದರೆ ಮನೆ ನೇರ ಚೌಕವಲ್ಲ. ನಕ್ಷೆಯಲ್ಲಿ ಅದನ್ನು ಬರೆದೂ ಹೊಸ ಪಂಚಾಂಗ (ಮನೆಯ ಅಡಿಗಟ್ಟು) ಹಾಕುವಾಗ ಮೇಸ್ತ್ರಿ ಮೂಲೆಮಟ್ಟ ಹಿಡಿದು ನಿಖರವಾಗಿ ನೇರ ಮಾಡಿದರು. ಒಳ್ಳೆಯ ಕೆಲಸವೆಂದು ನಾವೂ ಸುಮ್ಮನಿದ್ದೆವು. ಮಾಡು ಏರಿಸುವಾಗ ಈಶಾನ್ಯದ ಮೂಲೆಯ ಪಕಾಸು (ಮಾಡಿನ ಇಳಿಜಾರು ಹೊರುವ ಮರ) ಒಂದೂವರೆ ಇಂಚು ಕಡಿಮೆ ಬಂತು. ಮೂಲೆ ಪಕಾಸಿನ ಕಚ್ಚುಗಳನ್ನು ಮನೆಯ ಆ ವಾರೆಗೇ ಕೊರೆದಿರುತ್ತಾರೆ. ಎರಡು ಸಾಲು ಕಲ್ಲು ಕಿತ್ತು ಹಳೆಯ ವಾರೆಗೇ ಮರಳಿ ಕಟ್ಟಬೇಕಾಯಿತು, ಹನ್ನೊಂದು ದಿನ ಹೋಯಿತು. ಕಂಬಗಳ ಉದ್ದವೂ ಒಂದೇ ಇರುವುದಿಲ್ಲ, ಅರ್ಧ ಇಂಚಿನಿಂದ ಒಂದು ಇಂಚಿನವರೆಗೆ ವ್ಯತ್ಯಾಸವಿರುತ್ತದೆ. ಕಂಬದ ಬುಡವನ್ನು ತನ್ನ ಕಲ್ಲಿಗೆ ತಕ್ಕಂತೆ ಕೆತ್ತಿ ಕೂರಿಸಿರುತ್ತಾರೆ. ಹಾಗಾಗಿ ಕಂಬಕ್ಕೂ ಅದರ ಪಾದದ ಕಲ್ಲಿಗೂ ಒಂದೇ ಸಂಖ್ಯೆ ಕೊಟ್ಟು ಜೋಡಿಯಾಗಿಯೇ ತನ್ನಿ.

ಸಂಖ್ಯೆ ಹಾಕುವುದು ಸುಲಭ ಎನಿಸುತ್ತದೆ, ಹೆಚ್ಚು ಕೆಡುವುದು ಅಲ್ಲೇ. ಸೀಮೆಸುಣ್ಣ ಒಂದು ವಾರಕ್ಕೆ ಹೋಗುತ್ತದೆ. ಬಣ್ಣದಲ್ಲಿ ಬರೆದದ್ದು ಮರ ತೊಳೆದಾಗ ಹೋಗುತ್ತದೆ, ಹೋಗದಿದ್ದರೆ ಕೆತ್ತನೆಯ ಮೇಲೆ ಕಲೆಯಾಗಿ ನಿಲ್ಲುತ್ತದೆ. ನಾವು ಬಳಸಿದ್ದು ಒಂದಿಂಚು ಅಗಲದ ಅಲ್ಯೂಮಿನಿಯಂ ತಗಡು. ಅದರ ಮೇಲೆ ಅಂಕಿ ಒತ್ತಿ, ತುಕ್ಕು ಹಿಡಿಯದ ಎರಡು ಸಣ್ಣ ಮೊಳೆಯಲ್ಲಿ ಹೊಡೆದೆವು. ಮನೆ ನಿಂತ ಮೇಲೆ ಕಣ್ಣಿಗೆ ಬೀಳದ ಮುಖಕ್ಕೆ ಹೊಡೆಯಬೇಕು: ತೊಲೆಯಾದರೆ ಮೇಲ್ಮುಖ, ಹಲಗೆಯಾದರೆ ಅಟ್ಟದ ಕಡೆ, ಕಂಬವಾದರೆ ನೆತ್ತಿ. ಕಂಬಕ್ಕೆ ಸಂಖ್ಯೆಯ ಜೊತೆ ಬಡಗು ಮುಖಕ್ಕೊಂದು ಗುರುತು ಬೇಕೇ ಬೇಕು. ನಾಲ್ಕು ಮುಖವೂ ಒಂದೇ ಥರ ಕಂಡರೂ ನೆತ್ತಿಯ ನಾಲಿಗೆ (ಮೇಲಿನ ಮರದ ಕುಳಿಗೆ ಸೇರುವ ಚಾಚು) ನಾಲ್ಕು ಕಡೆಗೂ ಒಂದೇ ಅಲ್ಲ, ಕಾಲು ಸುತ್ತು ತಿರುಗಿ ಕೂತರೆ ಬೋದಿಗೆ (ಕಂಬದ ನೆತ್ತಿಯ ಮೇಲೆ ತೊಲೆ ಹೊರುವ ತುಂಡು) ಇಳಿಯುವುದಿಲ್ಲ. ಹಳೆಯ ಆಚಾರ್ರೂ ಇದೇ ಕೆಲಸ ಮಾಡಿದ್ದರು. ಬಿಚ್ಚಿದಾಗ ಕೂಡುಗಳ ಒಳಗೆ ಉಳಿಯ ತುದಿಯಲ್ಲಿ ಕೊರೆದ ಗೀಟುಗಳು ಕಂಡವು, ಕುಳಿಗೆ ಮೂರು ಗೀಟಿದ್ದರೆ ಅದಕ್ಕೆ ಸೇರುವ ನಾಲಿಗೆಗೂ ಮೂರು. ಅವನ್ನು ಚಿತ್ರದಲ್ಲಿ ಬರೆದುಕೊಂಡು ಹಾಗೇ ಉಳಿಸಿದೆವು. ಸಂಖ್ಯೆ ಬಿದ್ದ ಮರದ ತುಂಡುಗಳು ಎಲ್ಲ ಸೇರಿ 640ರ ಹತ್ತಿರ. ಒಂದು ಪಟ್ಟಿ ಪುಸ್ತಕದಲ್ಲಿ, ಒಂದು ನಕ್ಷೆಯ ಮೇಲೆ, ಒಂದು ಫೋಟೋದಲ್ಲಿ. ಮೂರೂ ಬೇರೆ ಬೇರೆ ಕಡೆ ಇರಲಿ.

ಬಿಚ್ಚಲು ಡಿಸೆಂಬರ್, ಜನವರಿಯೇ ಸರಿ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ ಕೂಡುಗಳು ಬಿಗಿಯುತ್ತವೆ. ಚಳಿಗಾಲದ ಒಣಗಾಳಿಗೆ ಕುಗ್ಗಿ ಸಡಿಲವಾಗುತ್ತವೆ. ಮೇಲಿನಿಂದ ಕೆಳಗೆ ಬರಬೇಕು: ನೆತ್ತಿಯ ಹಂಚು, ಹಂಚು, ರೀಪು (ಹಂಚು ಕೂರುವ ಪಟ್ಟಿ), ಪಕಾಸು, ಮುಚ್ಚಿಗೆ, ತೊಲೆ, ಬೋದಿಗೆ, ಕಂಬ, ದಾರಂದ (ಬಾಗಿಲ ಚೌಕಟ್ಟು), ಕೊನೆಗೆ ಕಲ್ಲು. ಹಂಚನ್ನು ಒಂದೇ ಕಡೆಯಿಂದ ಇಳಿಸಬೇಡಿ. ಒಂದು ಹಂಚಿಗೆ ಎರಡೂಕಾಲು ಕಿಲೋ ಎಂದರೂ 3,400 ಹಂಚಿಗೆ ಏಳೂವರೆ ಟನ್ ಆಗುತ್ತದೆ. ಒಂದು ಇಳಿಜಾರು ಪೂರ್ತಿ ಬರಿದಾಗಿ ಎದುರಿನದು ತುಂಬಿದ್ದರೆ ಮಾಡು ಆ ಕಡೆ ವಾಲುತ್ತದೆ. ನಾಲ್ಕೂ ಕಡೆ ಎರಡೆರಡು ಸಾಲಿನಂತೆ ಸುತ್ತಿಕೊಂಡು ಇಳಿಸಿದೆವು.

ಪಕಾಸುಗಳಲ್ಲಿ ಒಂದು ಗುಟ್ಟಿದೆ. ಹೊರಗಿನಿಂದ ನೋಡಿದರೆ ಮೊಳೆ ಕಿತ್ತರೆ ಬಂದುಬಿಡುತ್ತದೆ ಎನಿಸುತ್ತದೆ. ಆದರೆ ಸೂರಿನಿಂದ ಸ್ವಲ್ಪ ಮೇಲೆ ಪ್ರತಿ ಪಕಾಸಿಗೂ ತೂತು ಕೊರೆದು, ಉದ್ದಕ್ಕೂ ಒಂದು ಸಣ್ಣ ಮರವನ್ನು ದಾರದಂತೆ ಪೋಣಿಸಿರುತ್ತಾರೆ. ಅದನ್ನು ಕೊನೆಯಿಂದ ಮೆಲ್ಲಗೆ ಜಾರಿಸಿ ತೆಗೆದ ಮೇಲೆಯೇ ಪಕಾಸು ಬಿಡಬೇಕು. ಒಂದು ಪಕಾಸನ್ನು ಒತ್ತಾಯದಿಂದ ಎತ್ತಿದರೆ ಅಕ್ಕಪಕ್ಕದ ಮೂರು ನಾಲ್ಕರ ತೂತಿನ ಬಾಯಿ ಸೀಳುತ್ತದೆ.

ಕಂಬ, ತೊಲೆಯ ಕೂಡಿಗೆ ಕಬ್ಬಿಣದ ಮೊಳೆ ಇಲ್ಲ, ಎಲ್ಲ ಮರದ ಗೂಟ. ಗೂಟದ ಒಂದು ತುದಿ ಸಣ್ಣ, ಒಂದು ದಪ್ಪ. ಸಣ್ಣ ತುದಿಯಿಂದ ಹೊಡೆದರೆ ಹೊರಬರುತ್ತದೆ, ದಪ್ಪ ತುದಿಯಿಂದ ಹೊಡೆದರೆ ಇನ್ನೂ ಬಿಗಿಯುತ್ತದೆ. ಯಾವುದು ಯಾವುದೆಂದು ತಿಳಿಯದಿದ್ದರೆ ಎರಡೂ ತುದಿಯ ವ್ಯಾಸ ಅಳೆಯಿರಿ. ಕೊಡತಿಯ ಪೆಟ್ಟು ನೇರ ಮರಕ್ಕೆ ಬೀಳಬಾರದು, ನಡುವೆ ಬೇರೊಂದು ಮರದ ತುಂಡಿಟ್ಟು ಹೊಡೆಯಬೇಕು. ಬರದಿದ್ದರೆ ಎಣ್ಣೆ ಬಿಡಬೇಡಿ, ಮುಂದೆ ಔಷಧಿ ಹೀರುವುದಿಲ್ಲ. ನಾಲ್ಕೈದು ದಿನ ಬಿಸಿಲಿಗೆ ಬಿಟ್ಟು ನೋಡಿ. ಆಗಲೂ ಆಗದಿದ್ದರೆ ಗೂಟಕ್ಕಿಂತ ಸಣ್ಣ ಬೈರಿಗೆಯಲ್ಲಿ ಗೂಟದ ನಡುವನ್ನೇ ಕೊರೆದು ತೆಗೆಯಿರಿ. ಗೂಟ ಹೊಸದು ಮಾಡಬಹುದು, ಕುಳಿ ಹೊಸದು ಮಾಡಲಾಗದು.

ಹದಿನೆಂಟು ಅಡಿಯ ಕಿರಾಲಬೋಗಿ ತೊಲೆ, 10ಕ್ಕೆ 8 ಇಂಚಿನದ್ದು, ಸುಮಾರು 270 ಕಿಲೋ ತೂಗುತ್ತದೆ. ಅದೇ ಅಳತೆಯ ಹಲಸಾದರೆ 170. ಅಡಕೆ ಮರದ ಸಾರುವೆ ಆಳು ಹತ್ತಲು ಸಾಕು, ಇಂಥ ತೊಲೆ ಇಳಿಸಲು ಸಾಲದು. ಮೂರು ಕಾಲಿನ ಕಬ್ಬಿಣದ ಕವೆ ಎರಡು, ಒಂದು ಟನ್ನಿನ ಚೈನ್ ಬ್ಲಾಕ್ ಎರಡು, ಎರಡು ತುದಿಯನ್ನೂ ಒಟ್ಟಿಗೆ ಇಳಿಸಬೇಕು. ಹಗ್ಗ ಕಟ್ಟುವ ಕಡೆ ಗೋಣಿ ಸುತ್ತಿದರೆ ಅಂಚಿನ ಕೆತ್ತನೆ ಉಳಿಯುತ್ತದೆ. ಇಬ್ಬರು ಆಚಾರ್ರು, ಐವರು ಸಹಾಯಕರು, ಬರೆಯಲು ಮತ್ತು ಫೋಟೋ ತೆಗೆಯಲು ಇಬ್ಬರು. ಬಿಚ್ಚಲು 38 ದಿನ ಬೇಕಾಯಿತು. ಓಣಿ ಕಿರಿದಾದ್ದರಿಂದ ದೊಡ್ಡ ಲಾರಿ ಬರಲಿಲ್ಲ, ಸಣ್ಣ ಲಾರಿಯಲ್ಲಿ 14 ಸಲ ಸಾಗಿಸಿದೆವು.

ಮುರಕಲ್ಲಿನಲ್ಲಿ ನಾಲ್ಕರಲ್ಲಿ ಒಂದು ಒಡೆದುಹೋಗುತ್ತದೆಂದು ಲೆಕ್ಕವಿಟ್ಟುಕೊಳ್ಳಿ. ಕೆಸರು ಮಣ್ಣಿನಲ್ಲಿ ಕಟ್ಟಿದ ಭಾಗ ಸುಲಭವಾಗಿ ಬಿಡುತ್ತದೆ, ನಂತರ ಯಾರೋ ಸಿಮೆಂಟು ಹಾಕಿ ಸರಿಪಡಿಸಿದ ಭಾಗದಲ್ಲಿ ಕಲ್ಲೇ ಪುಡಿಯಾಗುತ್ತದೆ. ಮಣ್ಣಿನ ಗೋಡೆಯನ್ನು ಒಡೆದು ಮಣ್ಣನ್ನೇ ಚೀಲದಲ್ಲಿ ತಂದೆವು. ಹೊಸ ಜಾಗದ ಮಣ್ಣಿಗಿಂತ ಅದು ಚೆನ್ನಾಗಿ ಕೂರುತ್ತದೆ, ಬಣ್ಣವೂ ಮನೆಯದೇ.

ಬಿಚ್ಚಿದ ಮರವನ್ನು ಇಡುವ ಬಗೆ ಬಹಳ ಮುಖ್ಯ. ನೂರಾರು ವರ್ಷ ಭಾರ ಹೊತ್ತ ತೊಲೆ ಭಾರ ಇಳಿದ ಕೂಡಲೇ ಸೊಂಟ ಎತ್ತುತ್ತದೆ, ಕೆಲವು ತಿರುಚಿಕೊಳ್ಳುತ್ತವೆ. ನೆಲದಿಂದ ಒಂದೂವರೆ ಅಡಿ ಎತ್ತರದ ಕಲ್ಲಿನ ಮೇಲೆ, ಎರಡೆರಡು ಅಡಿಗೆ ಒಂದಿಂಚಿನ ಪಟ್ಟಿ ಕೊಟ್ಟು, ಪಟ್ಟಿಯ ಮೇಲೆ ಪಟ್ಟಿ ನೇರವಾಗಿ ಬರುವಂತೆ ಪೇರಿಸಿ, ಭಾರದ ತೊಲೆಗಳನ್ನು ಮೇಲಿಡಬೇಕು. ಮಾಡು ಇರುವ, ಗಾಳಿ ಆಡುವ ಕೊಟ್ಟಿಗೆಯಾಗಬೇಕು. ಟಾರ್ಪಾಲು ಹೊದಿಸಿ ಬಯಲಲ್ಲಿ ಬಿಟ್ಟರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ಮೊದಲ ಎರಡು ಲೋಡಿಗೆ ಹೀಗೇ ಆಗಿ ಮುಚ್ಚಿಗೆಯ 31 ಹಲಗೆಗಳಲ್ಲಿ ಕಪ್ಪು ಕಲೆ ಉಳಿದಿದೆ.

ಶುಚಿ ಮಾಡಲು ತೆಂಗಿನ ನಾರಿನ ಬ್ರಷ್ಷು, ನೀರು, ಇಷ್ಟೇ. ಮರಳು ಕಾಗದ ತಿಕ್ಕಬೇಡಿ, ಮೆಷಿನ್ ಅಂತೂ ಬೇಡವೇ ಬೇಡ. ಬಾಚಿಯ ಪೆಟ್ಟಿನ ಅಲೆ, ಅಡುಗೆಮನೆಯ ಹೊಗೆಯ ಇಲ್ಲಣ, ಕೈ ಮುಟ್ಟಿ ಮುಟ್ಟಿ ನುಣುಪಾದ ಅಂಚು ಇವೆಲ್ಲ ತಿಕ್ಕಿದರೆ ಹೋಗುತ್ತವೆ. ಆಮೇಲೆ ಉಳಿಯುವುದು ಪೀಠೋಪಕರಣದ ಅಂಗಡಿಯ ಕಂಬ. ವಾರ್ನಿಶ್ಶೂ ಬೇಡ. ಒಳಗಿನ ತೇವ ಹೊರಬರಲಾರದೆ ಎರಡನೆ ಮಳೆಗಾಲಕ್ಕೆ ಸಿಪ್ಪೆಯೇಳುತ್ತದೆ.

ಹುಳ ಬದುಕಿದೆಯೇ ಸತ್ತಿದೆಯೇ ಎಂದು ತಿಳಿಯಲು ತೂತಿರುವ ಮರದ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಮೈದಾದಂಥ ಬಿಳಿ ಪುಡಿ ಹೊಸದಾಗಿ ಬಿದ್ದಿದ್ದರೆ ಕುಟ್ಟೆ ಹುಳ ಒಳಗಿದೆ. ಔಷಧಿಗೆ 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸು, 2 ಕಿಲೋ ಬೋರಿಕ್ ಆಸಿಡ್ಡು. ಬಿಸಿ ನೀರಿನಲ್ಲಿ ಬೇಗ ಕರಗುತ್ತದೆ. ಹಸಿ ಮರವಾದರೆ ಮುಳುಗಿಸಿಟ್ಟರೆ ತಾನಾಗಿ ಒಳಗಿಳಿಯುತ್ತದೆ, ಒಣಗಿದ ಹಳೆ ಮರಕ್ಕೆ ಅಷ್ಟು ಇಳಿಯುವುದಿಲ್ಲ. ಆದ್ದರಿಂದ ಮೂರು ಸಲ ಬಳಿದು, ತೂತುಗಳಿಗೆ ಸಿರಿಂಜಿನಲ್ಲಿ ಬಿಟ್ಟು, ತುದಿಗಳನ್ನು ಮಾತ್ರ ತೊಟ್ಟಿಯಲ್ಲಿ ನಿಲ್ಲಿಸಿದೆವು. ಇದು ಮಳೆನೀರಿಗೆ ತೊಳೆದುಹೋಗುವ ಉಪ್ಪು, ಸೂರಿನ ಹೊರಗೆ ಚಾಚುವ ಮರಕ್ಕೆ ಪ್ರಯೋಜನವಿಲ್ಲ. ಇನ್ನೊಂದು ಮಾತು: ಉಪ್ಪು ಬಳಿದ ಮರಕ್ಕೆ ತೇವ ಅಳೆಯುವ ಮೀಟರು ಚುಚ್ಚಿದರೆ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಅಳತೆಯನ್ನು ಬಳಿಯುವ ಮೊದಲೇ ಮುಗಿಸಿ. ಗೋಡೆಯೊಳಗೆ ಹೂತುಹೋಗುವ ತುದಿ, ಪಕಾಸಿನ ಬೆನ್ನು, ಸೂರಿನ ತುದಿ ಇಂಥ ಕಾಣದ ಕಡೆಗಳಿಗೆ ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು). ಕರಾವಳಿಯಲ್ಲಿ ಇದಕ್ಕಿಂತ ನಂಬಿಕಸ್ಥ ಬೇರೊಂದಿಲ್ಲ. ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆಯೇಳುತ್ತದೆ, ಕೈಗವಸು ಹಾಕಿ, ಮೈಗೆ ತೆಂಗಿನೆಣ್ಣೆ ಹಚ್ಚಿಕೊಂಡೇ ಮುಟ್ಟಬೇಕು. ಮರವನ್ನು ಕಪ್ಪು ಮಾಡುವುದರಿಂದ ಕೆತ್ತನೆಗೆ ಬೇಡ. ಕೆತ್ತನೆಗೆ ಅಗಸೆ ಎಣ್ಣೆ, ಮೊದಲ ಕೈಗೆ ಅರ್ಧದಷ್ಟು ಟರ್ಪೆಂಟೈನ್ ಬೆರೆಸಿ, ಎರಡನೆಯದು ಬರೀ ಎಣ್ಣೆ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಬಿಡಿಸಿ ಒಣಗಿಸಿ.

26 ಕಂಬಗಳಲ್ಲಿ 9ರ ಬುಡ ಕೊಳೆತಿತ್ತು, 14ರಿಂದ 20 ಇಂಚಿನವರೆಗೆ. ಅಷ್ಟಕ್ಕೇ ಇಡೀ ಕಂಬ ಬದಲಿಸಬಾರದು. ಕೊಳೆತದ್ದನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ಜಾತಿಯ ಹಳೆ ಹಲಸಿನ ತುಂಡನ್ನು ಓರೆ ಕೂಡಿನಲ್ಲಿ ಬೆಸೆದೆವು. ಕೂಡಿನ ಉದ್ದ ಕಂಬದ ದಪ್ಪದ ಎರಡೂವರೆ ಪಟ್ಟಾದರೂ ಬೇಕು, 8 ಇಂಚಿನ ಕಂಬಕ್ಕೆ 20 ಇಂಚು. ಇಲ್ಲದಿದ್ದರೆ ಪಕ್ಕದಿಂದ ತಳ್ಳಿದಾಗ ಬಾಯಿ ಬಿಡುತ್ತದೆ. ಎಳೆಯ ದಿಕ್ಕು ಹಳೆಯದರ ದಿಕ್ಕಿಗೇ ಹೊಂದಬೇಕು. ಹೊಸ ತುಂಡಿನ ಕಾಣದ ಮುಖದಲ್ಲಿ ಇಸವಿ ಕೊರೆದಿದ್ದೇವೆ. ಮುಂದೆ ಯಾರಾದರೂ ಬಿಚ್ಚಿದರೆ ಯಾವುದು ಮೂಲದ್ದು, ಯಾವುದು ನಮ್ಮದು ಎಂದು ತಿಳಿಯುತ್ತದೆ.

ಹೊಸ ಜಾಗದಲ್ಲಿ ಮನೆಯ ದಿಕ್ಕು ಹಳೆಯದೇ ಇರಬೇಕು. ನೋಟ ಚೆನ್ನಾಗಿರಲಿ ಎಂದು ಹೆಬ್ಬಾಗಿಲನ್ನು ದಾರಿಯ ಕಡೆ ತಿರುಗಿಸಲು ಸಲಹೆ ಬರುತ್ತದೆ, ಒಪ್ಪಬೇಡಿ. ನಮ್ಮಲ್ಲಿ ಮಳೆ ಪಡುವಣ ನೈಋತ್ಯದಿಂದ ಬಡಿಯುತ್ತದೆ. ಅದಕ್ಕೆಂದೇ ಪಡುವಣ ಗೋಡೆಗೆ ಕಿಟಕಿ ಕಡಿಮೆ, ಸೂರು ಕೆಳಗೆ ಇಳಿದಿರುತ್ತದೆ, ತೆರೆದ ಚಾವಡಿ ಮೂಡಣಕ್ಕಿರುತ್ತದೆ. ಮನೆಯನ್ನು ತಿರುಗಿಸಿದರೆ ತೆರೆದ ಕಡೆಗೇ ಇರಿಚಲು ಹೊಡೆಯುತ್ತದೆ. ಇಳಕಲ್ಲಿನಂಥ ಒಣ ಸೀಮೆಯ ಗುಂಡಿ ಮಗ್ಗದ ಮನೆಯನ್ನು ಕಡಲ ತೀರಕ್ಕೆ ತರುವವರು ಗುಂಡಿಯ ತಳಕ್ಕೆ ನೀರು ಬಾರದ ಹಾಗೆ ಎತ್ತರ ನೋಡಿಕೊಳ್ಳಬೇಕಾಗುತ್ತದೆ, ಮಳೆಗಾಲದಲ್ಲಿ ಇಲ್ಲಿ ಎರಡಡಿ ತೋಡಿದರೆ ಒರತೆ.

ಕಂಬ ಸಿಮೆಂಟನ್ನೂ ಮಣ್ಣನ್ನೂ ಮುಟ್ಟಬಾರದು. ಕಲ್ಲಿನ ಪಾದದ ಮೇಲೆ ಒಣಗಿದ ಹಾಗೆ ನಿಲ್ಲಬೇಕು. ಒಳ ಅಂಗಳದ ಸುತ್ತಿನ ಕಂಬಗಳನ್ನು ಮೊದಲು ನಿಲ್ಲಿಸಿ, ಬೋದಿಗೆ ಕೂರಿಸಿ, ನಾಲ್ಕೂ ತೊಲೆ ಸೇರಿಸಿ ಚೌಕ ಮುಚ್ಚಿದೆವು. ಚೌಕ ಪೂರ್ತಿ ಮುಚ್ಚುವವರೆಗೆ ಯಾವ ಗೂಟವನ್ನೂ ಪೂರ್ತಿ ಹೊಡೆಯಬಾರದು. ಮೂರು ಮೂಲೆ ಬಿಗಿಯಾಗಿಬಿಟ್ಟರೆ ನಾಲ್ಕನೆಯದು ಸೇರುವುದಿಲ್ಲ. ಗೂಟಕ್ಕೆ ಕಂಬಕ್ಕಿಂತ ಹೆಚ್ಚು ಒಣಗಿದ ಮರ ಬೇಕು, ಮುಂದೆ ತೇವ ಹೀರಿ ಉಬ್ಬಿ ಹಿಡಿಯುತ್ತದೆ. ನಾಲಿಗೆಯ ತೂತು ಕುಳಿಯ ತೂತಿಗೆ ಸರಿಯಾಗಿ ನೇರವಿಲ್ಲದ್ದು ಕಂಡರೆ ತಪ್ಪೆಂದು ತಿಳಿದು ಹೊಸದಾಗಿ ಕೊರೆಯಬೇಡಿ. ಗೂಟ ಹೊಡೆದಾಗ ಎರಡು ಮರಗಳು ಒಂದನ್ನೊಂದು ಎಳೆದುಕೊಂಡು ಬಿಗಿಯಲಿ ಎಂದು ಎರಡು ಮಿಲಿಮೀಟರಿನಷ್ಟು ಬೇಕೆಂದೇ ಸರಿಸಿರುತ್ತಾರೆ.

ಗೋಡೆಯನ್ನು ದಿನಕ್ಕೆ ಎರಡಡಿಗಿಂತ ಹೆಚ್ಚು ಏರಿಸಲಿಲ್ಲ. ಕೆಸರು ಮಣ್ಣಿನ ಗೋಡೆ ಒಣಗುವಾಗ ಕುಗ್ಗುತ್ತದೆ, ಮರದ ಕಂಬ ಕುಗ್ಗುವುದಿಲ್ಲ. ಒಣಗುವ ಮೊದಲೇ ಮಾಡಿನ ಭಾರ ಹಾಕಿದರೆ ಹೊರಗೋಡೆ ಇಳಿದು ಒಳಗಿನ ಚೌಕ ಅಲ್ಲೇ ನಿಂತು ಪಕಾಸಿನ ಕೂಡುಗಳು ತಿರುಚುತ್ತವೆ. ಗೋಡೆ ಮುಗಿದು ನಾಲ್ಕು ವಾರ ಕಾದೆವು. ಇದನ್ನೆಲ್ಲ ಪತ್ತನಾಜೆಯೊಳಗೆ (ಮೇ ಕೊನೆಗೆ, ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ದಿನ) ಮುಗಿಸಿ ಹಂಚು ಏರಿಸಬೇಕು ಎಂಬ ಲೆಕ್ಕದಲ್ಲೇ ಉಳಿದ ದಿನಗಳನ್ನು ಹಂಚಿಕೊಳ್ಳಬೇಕು. ಅಲ್ಲಿಗೆ ಆಗದಿದ್ದರೆ ಆ ವರ್ಷ ಎತ್ತದಿರುವುದೇ ಮೇಲು.

ಪಕಾಸಿನ ಬೆನ್ನಿನಲ್ಲಿ ಎರಡು ಬಗೆಯ ತೂತುಗಳಿದ್ದವು. ಮಂಗಳೂರು ಹಂಚಿನ ರೀಪಿಗೆ ಸುಮಾರು 32 ಸೆಂಟಿಮೀಟರಿಗೊಂದು. ಅದರ ಕೆಳಗೆ ಹಗ್ಗ ಕಟ್ಟಿ ಸವೆದ ಹಳೆಯ ಗುರುತುಗಳು ಬೇರೆ ಅಂತರದಲ್ಲಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕೂ ಮುಂಚಿನ ಮನೆಯಾದರೆ ಮೊದಲಿದ್ದದ್ದು ಮುಳಿಹುಲ್ಲು ಅಥವಾ ಕೈಹಂಚು. ಮಾಡಿನ ಇಳಿಜಾರು ಹಂಚಿಗೆ ಬೇಕಾದ್ದಕ್ಕಿಂತ ಹೆಚ್ಚು ಕಡಿದಾಗಿರುವುದೂ ಹುಲ್ಲಿನ ಮಾಡನ್ನೇ ಹೇಳುತ್ತದೆ. ಮೊದಲ ರೂಪಕ್ಕೆ ಮರಳಿಸಿ ಹುಲ್ಲು ಹೊದಿಸೋಣವೇ ಎಂಬ ಚರ್ಚೆ ಬಹಳ ನಡೆಯಿತು. ಹಂಚಿನ ಕೆಳಗೆ ಹಲವು ತಲೆಮಾರು ಬಾಳಿವೆ, ಆ ಬದಲಾವಣೆಯೂ ಮನೆಯ ಚರಿತ್ರೆಯೇ ಎಂದು ಹಂಚನ್ನೇ ಉಳಿಸಿದೆವು. ಎರಡು ಪಕಾಸಿನ ನಡುವೆ ಒಂದು ಕಡೆ ಮಾತ್ರ ಹಳೆಯ ಗುರುತು ಕಾಣುವಂತೆ ಮುಚ್ಚಿಗೆಯ ಹಲಗೆ ಬಿಟ್ಟಿದ್ದೇವೆ.

ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಟಣ್ ಎಂದರೆ ಇಡಿ, ಮಂಕು ಸದ್ದು ಬಂದರೆ ಬಿರುಕಿದೆ. ಹಿಂಬದಿಯ ಮುದ್ರೆ ನೋಡಿ ಕಾರ್ಖಾನೆವಾರು ಬೇರ್ಪಡಿಸಬೇಕು. ಕಣ್ಣಿಗೆ ಒಂದೇ ಥರ ಕಂಡರೂ ಒಂದು ಕಾರ್ಖಾನೆಯ ಹಂಚಿನ ಅಂಚು ಇನ್ನೊಂದರ ಅಂಚಿಗೆ ಕಚ್ಚುವುದಿಲ್ಲ, ಬೆರೆಸಿದ ಕಡೆಯೆಲ್ಲ ಸೋರುತ್ತದೆ. ನಮ್ಮಲ್ಲಿ ನಾಲ್ಕು ಮುದ್ರೆಗಳಿದ್ದವು, ಒಂದೊಂದು ಇಳಿಜಾರಿಗೆ ಒಂದೊಂದು ಹಾಕಿದೆವು. ಒಳ ಅಂಗಳದ ಕಡೆ ಎರಡು ಮಾಡು ಕೂಡುವ ನಾಲ್ಕು ಕಣಿವೆಗಳೇ ಚೌಕಿ ಮನೆಯ ಸೋರುವ ಜಾಗ. ಅಲ್ಲಿ ಹಂಚಿನ ಕೆಳಗೆ ನಡುಗೆರೆಯಿಂದ ಎರಡೂ ಕಡೆ ಒಂದೊಂದಡಿ ಬರುವಂತೆ ತಗಡು ಹಾಸಿ, ಅಂಚನ್ನು ಮೇಲಕ್ಕೆ ಮಡಚಬೇಕು.

ಅಂಗಳಕ್ಕೆ ಇಳಿಯುವ ನೀರಿಗೂ ಲೆಕ್ಕ ಬೇಕು. ಒಳಮುಖದ ಮಾಡು 80 ಚದರ ಮೀಟರ್, ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಗಂಟೆಗೆ 4,000 ಲೀಟರ್. ನಾಲ್ಕಿಂಚಿನ ಕೊಳವೆ ಲೆಕ್ಕದಲ್ಲಿ ಸಾಕಾಗುತ್ತದೆ, ಮಾವಿನೆಲೆ ಬಿದ್ದ ದಿನ ಸಾಕಾಗುವುದಿಲ್ಲ. ಆರಿಂಚು ಹಾಕಿ, ಬಾಯಿಗೆ ತೆಗೆದು ತೊಳೆಯಬಹುದಾದ ಕಲ್ಲಿನ ಜಾಲರಿ ಇಟ್ಟೆವು.

ಗಾರೆಗೆ ಚಿಪ್ಪಿನ ಸುಣ್ಣ. ನೀರಲ್ಲಿ ನೆನೆಹಾಕಿ ಮೂರು ವಾರ ಬಿಟ್ಟು ಸೋಸಿ, ಒಂದು ಪಾಲಿಗೆ ಎರಡೂವರೆ ಪಾಲು ಹೊಳೆಯ ಮರಳು. ಕಡಲ ಮರಳು ಬೇಡ, ಉಪ್ಪು ಬಿಳಿಯಾಗಿ ಹೊರಡುತ್ತದೆ. ಒಂದು ಪದರ 10 ಮಿಲಿಮೀಟರಿಗೆ ಮೀರಬಾರದು, ಎರಡು ವಾರ ನೆರಳಲ್ಲಿ ಒದ್ದೆಯಾಗಿಡಬೇಕು. ಏಪ್ರಿಲ್ ಬಿಸಿಲಿಗೆ ಚಾವಡಿಯ ಎದುರುಗೋಡೆಗೆ ಗೋಣಿ ಕಟ್ಟುವುದನ್ನು ಎರಡು ದಿನ ಬಿಟ್ಟೆವು, ಜೇಡನ ಬಲೆಯಂತೆ ಬಿರುಕು ಬಂದು ಕೆತ್ತಿ ಮತ್ತೆ ಬಳಿಯಬೇಕಾಯಿತು. ನೆಲ ಮುರಮಣ್ಣಿನದು, ನಾಲ್ಕಿಂಚು ಹಾಕಿ ಮೂರಿಂಚಿಗೆ ಬಡಿದ ಮೂರು ಪದರ, ಮೇಲೆ ಸೆಗಣಿಗೆ ತೆಂಗಿನ ಚಿಪ್ಪಿನ ಇದ್ದಿಲ ಪುಡಿ ಬೆರೆಸಿ ಸಾರಿಸಿದ್ದು.

ನಿಂತ ಮನೆಗೆ ದಿನದ ಉಪಚಾರ ಬೇಕು. ಬೀಗ ಹಾಕಿ ಇಟ್ಟ ಮನೆ ಜನ ಇರುವ ಮನೆಗಿಂತ ಬೇಗ ಹಾಳಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡುಗೆಮನೆಯ ಒಲೆಯಲ್ಲಿ ಬೆಳಿಗ್ಗೆ ಎರಡು ಗಂಟೆ ತೆಂಗಿನ ಸಿಪ್ಪೆ ಹೊಗೆಯಾಡುತ್ತದೆ. ಅಟ್ಟದವರೆಗೆ ಆ ಹೊಗೆ ಹೋದರೆ ಮುಚ್ಚಿಗೆಯಲ್ಲಿ ಬೂಸ್ಟು ಬರುವುದಿಲ್ಲ. ವಾರಕ್ಕೊಮ್ಮೆ ಸಾರಣೆ. ಕಂಬದ ಪಾದದ ಸುತ್ತ ಒರಲೆಯ ಮಣ್ಣಿನ ಗೀರು ಕಾಣುತ್ತದೆಯೇ ಎಂದು ಪ್ರತಿ ಸೋಮವಾರ ಟಾರ್ಚು ಹಿಡಿದು ನೋಡುತ್ತೇವೆ. ಅಟ್ಟಕ್ಕೆ ಒಮ್ಮೆಗೆ ಎಂಟು ಜನಕ್ಕಿಂತ ಹೆಚ್ಚು ಬಿಡುವುದಿಲ್ಲ.

ಮೊದಲ ಮಳೆಗಾಲದಲ್ಲಿ ಆಗ್ನೇಯದ ಕಣಿವೆ ಸೋರಿತು, ತಗಡಿನ ಅಂಚು ಮಡಚಿದ್ದು ಸಾಲದೆ. ಮನೆ ಅರ್ಧ ಇಂಚು ಕೂತಿತು, ಹೆಬ್ಬಾಗಿಲು ಹೊಸ್ತಿಲಿಗೆ ಉಜ್ಜಿತು. ಬಾಗಿಲಿನ ಅಂಚನ್ನು ಕೀಸಲಿಲ್ಲ. ಜನವರಿಯಲ್ಲಿ ಮರ ಒಣಗಿ ಕುಗ್ಗಿದ ಮೇಲೆ ಇಬ್ಬರು ಆಚಾರ್ರು ಬಂದು ಒಳ ಚೌಕದಿಂದ ಶುರುಮಾಡಿ ಎಲ್ಲ ಗೂಟಗಳನ್ನೂ ಮತ್ತೊಂದು ಸುತ್ತು ಬಡಿದರು. 212 ಗೂಟಗಳಲ್ಲಿ 40ರಷ್ಟು ಇನ್ನೂ ಒಳಗೆ ಹೋದವು, ಬಾಗಿಲು ತಾನಾಗಿ ಬಿಟ್ಟಿತು. ಇದನ್ನು ಇನ್ನೂ ಎರಡು ಜನವರಿ ಮಾಡಬೇಕು. ಉಳಿದ 300 ಹಂಚು, ಪಟ್ಟಿ ಪುಸ್ತಕದ ಒಂದು ಪ್ರತಿ, ಸಂಖ್ಯೆ ಒತ್ತುವ ಅಚ್ಚುಗಳು ಅಡುಗೆಮನೆಯ ಮೇಲಿನ ಅಟ್ಟದಲ್ಲಿವೆ.